ಹತ್ತು ನಿಮಿಷದ ಫೈಲು

ನೇತ್ರಾಳ ಬಗ್ಗೆ ಬರೆದುಕೊಡಿ ಎಂದು ನನ್ನನ್ನು ಕೇಳಬಾರದಿತ್ತು. ಸವಣೂರಿನ ಓದುಗರ ಬಳಗದವರು ಹತ್ತನೇ ವರ್ಷದ ಸಂಚಿಕೆ ತರುತ್ತಾರಂತೆ, ಅದರಲ್ಲಿ ನಮ್ಮ ಸುತ್ತಿನ ನಾಲ್ಕು ತಾಲೂಕಿನ ದುಡಿಯುವ ಜನರ ಪರಿಚಯ ಹಾಕುತ್ತಾರಂತೆ. ‘ನೇತ್ರಾ ನಿಮ್ಮ ಕೈಯಾಗ ಕೆಲಸಾ ಕಲ್ತಾಕಿ, ನಿಮ್ಮಷ್ಟು ಚಲೋ ಯಾರು ಬರೀತಾರ್ರಿ’ ಎಂದು ಮನೆಗೇ ಬಂದು ಹೇಳಿಹೋದರು. ನನ್ನ ಹೆಂಡತಿ ವೇದಾ ಅವರಿಗೆ ಚಹಾ ಕೊಟ್ಟು ಕಳಿಸಿ, ಬಾಗಿಲು ಹಾಕಿಕೊಂಡು ಬಂದು ನನ್ನ ಮುಖ ನೋಡಿದಳು. ‘ಬರೀರಿ, ಬರೀರಿ. ಹೊಟ್ಟಿಯೊಳಗಿಂದು ಒಮ್ಮೆ ಎಲ್ಲಾ ಹೊರಗ ಬರ್ಲಿ’ ಎಂದಳು. ಆಕೆಗೆ ಎಲ್ಲ ಗೊತ್ತು.

ಎಲ್ಲಿ ಹುಟ್ಟಿದಳು, ಯಾರ ಮಗಳು ಎಂಬುದನ್ನು ಮೊದಲು ಮುಗಿಸಿಬಿಡುತ್ತೇನೆ. ಹಾನಗಲ್ ತಾಲೂಕಿನ ತಿಳವಳ್ಳಿ. ಅಪ್ಪ ಕರಿಬಸಪ್ಪ, ಭತ್ತ ಮತ್ತು ಗೋವಿನಜೋಳ ಬೆಳೆಯುವ ಮನೆ. ಬಿ.ಎ. ಮುಗಿಸಿದ ಮೇಲೆ ಸವಣೂರಿಗೆ ತನ್ನ ಚಿಗವ್ವ ವೀರವ್ವನ ಮನೆಗೆ ಬಂದಳು. ಹನ್ನೊಂದು ವರ್ಷದ ಹಿಂದೆ ಒಂದು ಸೋಮವಾರ ನನ್ನ ಡಿಟಿಪಿ ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ‘ಅಣ್ಣಾರ, ಕನ್ನಡಾ ಟೈಪಿಂಗ್ ಕಲಸ್ತೀರೇನ್ರಿ?’ ಎಂದು ಕೇಳಿದಳು. ಡಿಟಿಪಿ ಅಂಗಡಿಗೆ ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲ. ನನಗೆ ಅದು ಮನಸ್ಸಿಗೆ ಹಿಡಿಸಿತು, ಹೂಂ ಅಂದುಬಿಟ್ಟೆ. ತಪ್ಪಿದ್ದೇ ಅಲ್ಲಿ.

ನನ್ನ ಅಂಗಡಿ ಸವಣೂರಿನ ಪೇಟೆಯಲ್ಲಿ ಫಾರೂಕನ ಖಾರದ ಅಂಗಡಿಗೆ ಹತ್ತಿಕೊಂಡಿದೆ. ಅವನ ಕಡಾಯಿಯ ಎಣ್ಣೆ ಕಾಯುವ ಹೊತ್ತಿಗೆ ನನ್ನ ಕಂಪ್ಯೂಟರ್ ಚಾಲೂ ಆಗುತ್ತದೆ. ಇಪ್ಪತ್ತಾರು ವರ್ಷ ಈ ಸೀಮೆಯಲ್ಲಿ ಕವನ ಬರೆದವರು, ಕಾದಂಬರಿ ಬರೆದವರು, ತಮ್ಮ ಮಾವನ ಚರಿತ್ರೆ ಬರೆದವರು, ಎಲ್ಲರೂ ಕೈಚೀಲದಲ್ಲಿ ಕಾಗದ ತುಂಬಿಕೊಂಡು ನನ್ನ ಹತ್ತಿರವೇ ಬರುತ್ತಿದ್ದರು. ನನ್ನ ಅಜ್ಜ ಮಠದಲ್ಲಿ ಪಾಠ ಹೇಳುತ್ತಿದ್ದವರು, ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರ. ಅಕ್ಷರ ಅಂದರೆ ನಮ್ಮ ಮನೆಯ ಸೊತ್ತು ಎಂಬ ಜಂಬ ನನಗೆ ಒಳಗೊಳಗೇ ಇತ್ತು, ಇಲ್ಲ ಅಂದರೆ ಸುಳ್ಳಾದೀತು. ದಿನಕ್ಕೆ ನಲವತ್ತು ಪುಟ ಹೊಡೆಯುತ್ತಿದ್ದೆ. ಅದರ ಗುಟ್ಟು ಇಷ್ಟೇ: ಟೈಪ್ ಮಾಡುವಾಗ ಓದಬಾರದು. ಕಣ್ಣು ಅಕ್ಷರ ನೋಡಬೇಕು, ಬೆರಳು ಒತ್ತಬೇಕು, ಅರ್ಥಕ್ಕೆ ಹೋದರೆ ಕೈ ನಿಂತುಬಿಡುತ್ತದೆ. ನೇತ್ರಾಗೂ ಮೊದಲ ದಿನವೇ ಇದನ್ನು ಹೇಳಿಕೊಟ್ಟೆ.

‘ಓದಬಾರದೇನ್ರಿ?’ ಎಂದು ಕಣ್ಣರಳಿಸಿದಳು.

‘ಓದಬಾರದು. ಓದೋರು ಬ್ಯಾರೆ ಇರ್ತಾರ. ನಾವು ಟೈಪ್ ಮಾಡೋರು.’

‘ಹಂಗಾದ್ರ ದಿನಾಪೂರ್ತಿ ಬ್ಯಾಸರಾ ಬರಂಗಿಲ್ಲೇನ್ರಿ ಅಣ್ಣಾರ?’

ಹೇಳಿದ್ದು ಗಾಳಿಗೆ ಹೋಯಿತು. ಅವಳು ಓದಿದಳು. ಒಂದೊಂದು ಸಾಲನ್ನೂ ಓದಿದಳು, ತುಟಿ ಅಲ್ಲಾಡಿಸಿಕೊಂಡು, ನಡುನಡುವೆ ನಕ್ಕೊಂಡು. ದಿನಕ್ಕೆ ಹನ್ನೆರಡು ಪುಟ ದಾಟುತ್ತಿರಲಿಲ್ಲ. ಈ ಹುಡುಗಿಯಿಂದ ನನ್ನ ಅಂಗಡಿ ಮುಚ್ಚುತ್ತದೆ ಅಂದುಕೊಂಡೆ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಿಂದ ಶಂಕ್ರಪ್ಪ ಎಂಬ ನಿವೃತ್ತ ಗ್ರಾಮಲೆಕ್ಕಿಗರು ಮುನ್ನೂರು ಪುಟದ ಕಾದಂಬರಿ ತಂದುಕೊಟ್ಟಿದ್ದರು. ಮೂರನೇ ದಿನ ಇವಳು ನನ್ನನ್ನು ಕೇಳದೆ ಅವರಿಗೆ ಫೋನು ಹಚ್ಚಿದಳು. ‘ಶಂಕ್ರಪ್ಪಾರ, ಹದಿನೇಳನೇ ಪುಟದಾಗ ನಿಮ್ಮ ಸಣ್ಣ ಸೊಸಿ ಸತ್ತಾಳ್ರಿ, ಮಣ್ಣೂ ಮಾಡೀರಿ. ಅರವತ್ತೊಂದನೇ ಪುಟದಾಗ ಎದ್ದ ಬಂದು ಚಾ ಕಾಸಾಕತ್ತಾಳಲ್ರಿ!’

ಗಿರಾಕಿ ಹೋದ ಅಂತಲೇ ತಿಳಿದೆ. ಆ ಕಡೆ ಅವರು ನಕ್ಕ ನಗು ನನ್ನ ಕುರ್ಚಿಯ ತನಕ ಕೇಳಿಸಿತು. ಮುಂದಿನ ವಾರ ಚಿಕ್ಕೇರೂರಿನಿಂದ ಬಸ್ಸು ಹತ್ತಿಕೊಂಡು ಬಂದವರು ನನಗೆ ನಮಸ್ಕಾರವನ್ನೂ ಹೇಳದೆ, ‘ಆ ತಂಗಿ ಎಲ್ಲೈತ್ರಿ? ನನ್ನ ಸೊಸೀನ ಹಿಡದ ಹಾಕಿದಾಕಿ?’ ಎಂದು ಕೇಳಿದರು. ಅವಳಿಗಾಗಿ ಒಂದು ಪೊಟ್ಟಣ ಪೇಢೆ ತಂದಿದ್ದರು. ನನಗೂ ಒಂದು ಕೊಟ್ಟರು, ಅದೂ ಅವಳು ‘ಅಣ್ಣಾರಿಗೆ ಕೊಡ್ರಿ’ ಅಂದ ಮೇಲೆ. ಹೊಟ್ಟೆ ಉರಿಯುವುದು ಅಂದರೆ ಏನು ಎಂದು ಅವತ್ತು ಪೇಢೆ ತಿನ್ನುತ್ತ ತಿಳಿದುಕೊಂಡೆ.

ನಮ್ಮ ಕೆಲಸದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಹಿಂದೆ ಹುಬ್ಬಳ್ಳಿಯ ಪ್ರೆಸ್ಸಿಗೆ ಫೈಲು ಕಳಿಸಿದರೆ ನಮ್ಮ ಫಾಂಟು ಅವರಲ್ಲಿ ಇರದೆ ಕನ್ನಡವೆಲ್ಲ ಇಂಗ್ಲಿಷ್ ಕಸವಾಗಿ ಕಾಣುತ್ತಿತ್ತು. ಅದಕ್ಕೆ ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ‘ಕರ್ವ್’ ಮಾಡುತ್ತಿದ್ದೆವು. ಆಗ ಅಕ್ಷರ ಅಕ್ಷರವಾಗಿ ಉಳಿಯದೆ ಬರೀ ಗೆರೆಯ ಚಿತ್ರವಾಗುತ್ತದೆ. ನೋಡಲಿಕ್ಕೂ ಅದೇ, ಅಚ್ಚಿಗೂ ಅದೇ. ಆದರೆ ತಿದ್ದಲು ಬರುವುದಿಲ್ಲ, ಅಲ್ಲಿಂದ ಎತ್ತಿ ಬೇರೆ ಕಡೆ ಹಾಕಲು ಬರುವುದಿಲ್ಲ. ಬರಬರುತ್ತ ಇದು ನಮ್ಮ ಅಂಗಡಿಗಳಿಗೆಲ್ಲ ಕೀಲಿಯಾಯಿತು. ಬರೆದವರು ಪಿಡಿಎಫ್ ಕೇಳಿದರೆ ಕರ್ವ್ ಮಾಡಿದ್ದನ್ನೇ ಕೊಡುವುದು. ಎರಡನೇ ಮುದ್ರಣಕ್ಕೆ ಮತ್ತೆ ನಮ್ಮ ಬಾಗಿಲಿಗೇ ಬರಬೇಕು. ಇದನ್ನು ಮೋಸ ಎಂದು ಯಾರೂ ಅನ್ನುತ್ತಿರಲಿಲ್ಲ. ನೇತ್ರಾ ಮಾತ್ರ ಒಮ್ಮೆ, ‘ಬರದಾವ್ರದನ್ನ ಬರದಾವ್ರಿಗೆ ಕೊಡಾಕ ಯಾಕ ಅಂಜಬೇಕ್ರಿ?’ ಎಂದು ಕೇಳಿದಳು. ‘ನಿನಗ ತಿಳಿಯೂದಿಲ್ಲ, ಸುಮ್ನಿರು’ ಎಂದು ಬಾಯಿ ಮುಚ್ಚಿಸಿದೆ.

ಮೂರು ವರ್ಷ ನನ್ನ ಹತ್ತಿರ ಇದ್ದಳು. ಆಮೇಲೆ ತಿಳವಳ್ಳಿಯಲ್ಲೇ ಮದುವೆಯಾಯಿತು. ಗಂಡ ಶಂಭುಲಿಂಗನಿಗೆ ಗೋವಿನಜೋಳ ಬಿಡಿಸುವ ಮಷೀನು ಇದೆ, ಒಳ್ಳೆಯ ಮನುಷ್ಯ. ಅಲ್ಲಿಗೆ ಈ ಕತೆ ಮುಗಿಯಿತು ಎಂದು ನಾನು ಹಾಯಾಗಿ ಉಸಿರು ಬಿಟ್ಟೆ. ಆದರೆ ಇವಳು ಬಸ್‌ಸ್ಟ್ಯಾಂಡಿನ ಎದುರು ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು, ಯಾರ ಸಹಾಯವೂ ಇಲ್ಲದೆ, ಯಾವ ಯಂತ್ರದಲ್ಲಾದರೂ ಓದಲು ಬರುವ ಯುನಿಕೋಡ್ ಅಕ್ಷರ ಕಲಿತಳು, ಇ-ಬುಕ್ ಮಾಡುವುದು ಕಲಿತಳು. ಒಂದು ವರ್ಷ ದಸರೆಗೆ ನಮ್ಮ ಮನೆಗೆ ಬನ್ನಿ ಕೊಡಲು ಬಂದಾಗ ಚೀಲದಿಂದ ಮಕ್ಕಳು ಬರೆಯುವ ಪಾಟಿಯಂಥದ್ದೊಂದು ತೆಗೆದಳು. ಪುಸ್ತಕ ಓದುವ ಯಂತ್ರ, ಯಾರೋ ಬಳಸಿ ಬಿಟ್ಟಿದ್ದನ್ನು ತೆಗೆದುಕೊಂಡಿದ್ದಳಂತೆ. ಅದರಲ್ಲಿ ಶಂಕ್ರಪ್ಪನವರ ಕಾದಂಬರಿ ಇತ್ತು. ಬೆರಳಿನಿಂದ ಮುಟ್ಟಿದರೆ ಅಕ್ಷರ ದೊಡ್ಡದಾಗುತ್ತಿತ್ತು, ಸಾಲು ತಾನಾಗಿಯೇ ಮುರಿದುಕೊಂಡು ಕೆಳಗಿಳಿಯುತ್ತಿತ್ತು.

‘ಪಿಡಿಎಫ್ ಅಂದ್ರ ಸುಟ್ಟ ರೊಟ್ಟಿರಿ ಅಣ್ಣಾರ, ಆಗಿದ್ದಷ್ಟ ಆತು’ ಎಂದು ನನಗೇ ಪಾಠ ಹೇಳಿದಳು. ‘ಇದು ಇ-ಪಬ್ ಅಂತ, ಇದು ನಾದಿದ ಹಿಟ್ಟು. ಉಣ್ಣಾವ್ರಿಗೆ ಎಷ್ಟು ದೊಡ್ಡದು ಬೇಕೋ ಅಷ್ಟು ಬಡಕೋಬಹುದು.’

‘ಛಲೋ ಅದ’ ಎಂದೆ. ಅವಳು ಹೋದ ಮೇಲೆ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ವೇದಾಳ ಮೇಲೆ ಹರಿಹಾಯ್ದೆ. ಸಾರು ಇನ್ನೂ ಒಲೆಯ ಮೇಲೇ ಇತ್ತು, ನಾನು ರುಚಿ ನೋಡಿರಲೇ ಇಲ್ಲ.

ಅವಳ ಕೆಲಸದ ರೀತಿ ಕೇಳಿದರೆ ನಿಮಗೂ ಸಿಟ್ಟು ಬಂದೀತು. ಒಂದು ಇ-ಬುಕ್ ಮುಗಿಸಿದ ಕೂಡಲೇ ಬರೆದವರಿಗೆ ಕಳಿಸುವುದಿಲ್ಲ. ತಿಳವಳ್ಳಿಯಿಂದ ಹಾನಗಲ್ಲಿಗೆ ಹೋಗುವ ಬಸ್ಸು ಹತ್ತುತ್ತಾಳೆ. ಪಕ್ಕದಲ್ಲಿ ಕುಳಿತವರ ಕೈಯಲ್ಲಿ ಫೋನು ಕೊಟ್ಟು, ‘ಎವ್ವಾ, ಎರಡು ಪುಟಾ ಓದ್ರಿ’ ಅನ್ನುತ್ತಾಳೆ. ಸಂತೆಗೆ ಹೊರಟವರು, ಕಾಲೇಜಿನ ಹುಡುಗಿಯರು, ಗಾಜು ಒಡೆದ ಫೋನಿನ ಕಂಡಕ್ಟರು, ಯಾರಾದರೂ ಸರಿ. ಅವರ ಹೆಬ್ಬೆರಳು ಎಲ್ಲಿ ನಿಂತಿತು, ಎಲ್ಲಿ ಕಣ್ಣು ಕಿರಿದು ಮಾಡಿದರು ಎಂದು ನೋಡಿ ವಹಿಯಲ್ಲಿ ಬರೆದುಕೊಳ್ಳುತ್ತಾಳೆ. ಮನೆಗೆ ಬಂದು ತಿದ್ದುತ್ತಾಳೆ. ಬಸ್ಸಿನಲ್ಲಿ ಓದಲು ಬಂದದ್ದು ಎಲ್ಲಿಯಾದರೂ ಓದಲು ಬರುತ್ತದೆ ಅನ್ನುವುದು ಅವಳ ಲೆಕ್ಕ. ಶಿಗ್ಗಾಂವಿಯ ಇಬ್ಬರು ಕವಿಗಳು, ಹಾನಗಲ್ಲಿನ ವೈದ್ಯರು, ಶಂಕ್ರಪ್ಪನವರ ಗೆಳೆಯರ ಗುಂಪು, ಒಬ್ಬೊಬ್ಬರಾಗಿ ತಿಳವಳ್ಳಿಯ ದಾರಿ ಹಿಡಿದರು. ಹಿಡಿಯಲು ದಾರಿಯೂ ಬೇಕಿರಲಿಲ್ಲ, ಫೋನಿನಲ್ಲೇ ಕಳಿಸುತ್ತಿದ್ದರು. ನನ್ನ ಅಂಗಡಿಗೆ ಲಗ್ನಪತ್ರಿಕೆ ಉಳಿದವು.

ಅದನ್ನೆಲ್ಲ ನುಂಗಿಕೊಂಡೇನು. ನುಂಗಲಾಗದ್ದು ತುಳಸಾಬಾಯಿ ಅಕ್ಕಂದು.

ತುಳಸಾಬಾಯಿ ಅಕ್ಕ ನನಗೆ ಮೂರನೇ ಇಯತ್ತೆಯಲ್ಲಿ ಕಲಿಸಿದವರು. ಮೂವತ್ನಾಲ್ಕು ವರ್ಷ ಮಾಸ್ತರಿಕೆ ಮಾಡಿ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿನ ಸಾಲಿಗಳನ್ನು ಬಸ್ಸಿನಲ್ಲೇ ಸುತ್ತಿದವರು. ಅದೆಲ್ಲವನ್ನೂ ಒಂಬತ್ತು ವರ್ಷ ಹಳೇ ವಹಿಗಳ ಹಿಂಬದಿಯಲ್ಲಿ ಚೂರುಚೂರಾಗಿ ಬರೆದು ‘ನಾಲ್ಕು ತಾಲೂಕಿನ ಬಸ್ಸು’ ಎಂಬ ಪುಸ್ತಕ ಮಾಡಿದರು. ಹದಿನೆಂಟು ಅಧ್ಯಾಯ, ಇನ್ನೂರ ಹನ್ನೆರಡು ಪುಟ. ಆರು ವರ್ಷದ ಹಿಂದೆ ನಾನೇ ಟೈಪ್ ಮಾಡಿ, ಪುಟ ಕಟ್ಟಿ, ಪ್ರೆಸ್ಸಿಗೆ ಕಳಿಸಿದೆ. ಆರೇ ದಿನದಲ್ಲಿ ಮುಗಿಸಿದ್ದೆ. ಅದು ಅಚ್ಚಾಗಿ ಬಂದ ವಾರವೇ ಅವರ ಯಜಮಾನರು ಅನಂತರಾಯರು ಹಾಸಿಗೆ ಹಿಡಿದರು. ಅವರ ಸೇವೆ ಮುಗಿದು, ಅವರೂ ಹೋಗಿ, ಇನ್ನು ಪುಸ್ತಕ ಬಿಚ್ಚೋಣ ಅನ್ನುವಷ್ಟರಲ್ಲಿ ಸಕ್ಕರೆ ಕಾಯಿಲೆ ಅಕ್ಕನ ಕಣ್ಣಿಗೆ ಬಂತು.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ನನ್ನನ್ನು ಮನೆಗೆ ಕರೆಸಿದರು. ಸೊಸೆ ವೃಂದಾ ಬ್ಯಾಂಕಿಗೆ ಹೊರಡುವ ಗಡಿಬಿಡಿಯಲ್ಲೂ ಚಹಾ ಇಟ್ಟು ಹೋದಳು. ಅಕ್ಕ ಗೋಡೆಯ ಕಡೆ ನೋಡುತ್ತ ಮಾತಾಡಿದರು, ಎದುರು ನೋಡಿದರೆ ನನ್ನ ಮುಖದ ನಡುಭಾಗ ಕಾಣುತ್ತಿರಲಿಲ್ಲವಂತೆ.

‘ಡಾಕ್ಟರು ಆರು ತಿಂಗಳು ಅಂತಾರ, ದೇವ್ರು ದೊಡ್ಡಾಂವ ಇದ್ರ ವರ್ಷ. ತುಂಡು ತುಂಡು ಬರದೀನಿ ಸುಶೀಂದ್ರಾ, ಅಚ್ಚುತಪ್ಪೂ ತುಂಡು ತುಂಡ ತಿದ್ದೀನಿ, ಒಮ್ಮೆನೂ ಮೊದಲಿಂದ ಕಡೀತನಕಾ ಕೂತು ಓದಿಲ್ಲ. ಕಣ್ಣು ಹೋಗೂದ್ರೊಳಗ ನನ್ನ ಪುಸ್ತಕಾ ನನ್ನ ಕಣ್ಣೀಲೆ ಒಮ್ಮೆ ಓದಬೇಕು. ಅಷ್ಟ ನೋಡು.’

ಬಿಳಿ ಕಾಗದ ಅವರ ಕಣ್ಣಿಗೆ ಚುಚ್ಚುತ್ತಿತ್ತು, ಎಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದರೂ ಅಷ್ಟೇ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರವಾದರೆ ಕಾಣುತ್ತಿತ್ತು. ವೃಂದಾಳ ಟ್ಯಾಬಿನಲ್ಲಿ ನನ್ನ ಪಿಡಿಎಫ್ ಹಾಕಿ, ಬಣ್ಣ ತಿರುವಿ, ದೊಡ್ಡದು ಮಾಡಿ ತೋರಿಸಿದೆ. ದೊಡ್ಡದು ಮಾಡಿದರೆ ಸಾಲಿನ ಅರ್ಧ ಪರದೆಯ ಹೊರಗೆ ಹೋಯಿತು. ಅಕ್ಕ ಬೆರಳಿನಿಂದ ಎಡಕ್ಕೆ ಎಳೆದು, ಮತ್ತೆ ಬಲಕ್ಕೆ ಎಳೆದು, ಮುಂದಿನ ಸಾಲು ಹುಡುಕುವಾಗ ಹಿಂದಿನದಕ್ಕೇ ಬಂದು, ಅರ್ಧ ತಾಸಿನಲ್ಲಿ ಅರ್ಧ ಪುಟ ದಾಟಿದರು. ‘ಇದೇನೋ ಮಾರಾಯಾ, ನನ್ನ ಸಾಲುಗೋಳನ್ನ ನಾನ ಬೆನ್ನು ಹತ್ತಬೇಕಾತಲ್ಲ!’ ಎಂದು ನಕ್ಕು ಟ್ಯಾಬನ್ನು ಪಕ್ಕಕ್ಕಿಟ್ಟರು. ಆಮೇಲೆ ತೀರಾ ಸಹಜವಾಗಿ, ‘ನೇತ್ರಾಗ ಕೇಳೀನಿ. ಆಕಿ ಮಾಡಿಕೊಡ್ತಾಳಂತ. ನಿನ್ನ ಹತ್ರ ಟೈಪ್ ಮಾಡಿದ ಮ್ಯಾಟರ್ ಇರ್ತದ, ಅಷ್ಟ ಕಳಸು’ ಎಂದರು.

ನನಗಿಂತ ಮೊದಲು ಅವಳನ್ನು ಕೇಳಿದ್ದಾರೆ! ನಾನು ಇವರ ಕೈಯಲ್ಲಿ ಅಕ್ಷರ ತಿದ್ದಿದವನು, ಇವರ ಪುಸ್ತಕ ಟೈಪ್ ಮಾಡಿದವನು, ಎರಡು ಓಣಿ ಆಚೆ ಇರುವವನು. ತಿಳವಳ್ಳಿಯವಳಿಗೆ ಮೊದಲು ಫೋನು. ಮೈಯೆಲ್ಲ ಉರಿದುಹೋಯಿತು. ನಾಲಿಗೆ ತಾನೇ ಹೊರಳಿತು. ‘ಹಳೇ ಹಾರ್ಡ್ ಡಿಸ್ಕ್ ಕೆಟ್ಟು ಹೋತ್ರಿ ಅಕ್ಕಾ. ಈ ಪಿಡಿಎಫ್ ಒಂದ ಉಳದದ’ ಎಂದುಬಿಟ್ಟೆ.

ಅಂಗಡಿಗೆ ಬಂದು ನೋಡಿದರೆ ಫೈಲು ತನ್ನ ಜಾಗದಲ್ಲಿ ತಣ್ಣಗೆ ಕುಳಿತಿತ್ತು, ‘ಅಕ್ಕ’ ಎಂಬ ಫೋಲ್ಡರಿನಲ್ಲಿ. ಹಳೇ ಫಾಂಟಿನ ಅಕ್ಷರಗಳನ್ನು ಯುನಿಕೋಡಿಗೆ ತಿರುಗಿಸುವ ಸಾಫ್ಟ್‌ವೇರು ಪುಕ್ಕಟೆ ಸಿಗುತ್ತದೆ, ನನ್ನ ಕಂಪ್ಯೂಟರಿನಲ್ಲಿ ಇತ್ತು ಕೂಡ. ತಿರುಗಿಸಲಿಲ್ಲ. ಕರ್ವ್ ಮಾಡಿದ ಪಿಡಿಎಫನ್ನು ತಿಳವಳ್ಳಿಗೆ ಕಳಿಸಿ, ಫಾರೂಕನಲ್ಲಿ ಒಂದು ಮಿರ್ಚಿ ತಿಂದು ಮನೆಗೆ ಹೋದೆ.

ಮರುದಿನ ಬೆಳಗ್ಗೆಯೇ ನೇತ್ರಾಳ ಫೋನು. ‘ಅಣ್ಣಾರ, ಇದ್ರಾಗ ಅಕ್ಷರನ ಇಲ್ಲಲ್ರಿ. ಬರೇ ಗೆರಿ ಅದಾವ.’

‘ಅಷ್ಟ ಇರೋದು ನೇತ್ರಾ. ಡಿಸ್ಕ್ ಹೋಗೇದ.’

ಬೈದಿದ್ದರೆ ಚೆನ್ನಾಗಿತ್ತು. ‘ಅಯ್ಯ, ನಿಮ್ಮ ಎಲ್ಲಾ ಕೆಲಸಾನೂ ಹೋತೇನ್ರಿ? ಪಾಪ!’ ಎಂದು ನನಗಾಗಿ ಮರುಗಿದಳು. ಫೋಟೋದಿಂದ ಅಕ್ಷರ ತೆಗೆಯುವ ಆ್ಯಪಿನಲ್ಲಿ ಹಾಕಿ ನೋಡಿದಳಂತೆ, ನಮ್ಮ ಹಳೇ ಫಾಂಟಿನ ಒತ್ತುಗಳೆಲ್ಲ ಕಲಸಿಹೋಗಿ ಬಂದುವಂತೆ. ತಿದ್ದುವುದಕ್ಕಿಂತ ಹೊಸದಾಗಿ ಹೊಡೆಯುವುದೇ ಸುಲಭ ಎಂದು, ಗೋಡೆಗೆ ಪುಸ್ತಕ ಆನಿಸಿಟ್ಟುಕೊಂಡು ಮೊದಲ ಪುಟದಿಂದ ಟೈಪ್ ಮಾಡಲು ಕುಳಿತಳು. ಊರಿನ ಬೇರೆ ಕೆಲಸವೆಲ್ಲ ಮುಗಿಸಿ ದಿನಕ್ಕೆ ಮೂರು ಪುಟ. ಅವಳು ಸೋತು ಕೈಬಿಡುತ್ತಾಳೆ, ಆಗ ನಾನು ಹೋಗಿ ‘ಡಿಸ್ಕ್ ರಿಪೇರಿ ಆತ್ರಿ ಅಕ್ಕಾ’ ಎಂದು ದೊಡ್ಡವನಾಗುತ್ತೇನೆ ಎಂಬುದು ನನ್ನ ಯೋಚನೆ. ಇಂಥ ಹಲ್ಕಾ ಯೋಚನೆ ಮಾಡುವವನು ಎಂದು ನನಗೂ ಮೊದಲು ಗೊತ್ತಿರಲಿಲ್ಲ.

ಅವಳು ಕೈಬಿಡಲಿಲ್ಲ. ಬದಲಿಗೆ, ಓದಿಕೊಂಡು ಟೈಪ್ ಮಾಡುವ ಆ ಚಾಳಿಯಿಂದ, ದಿನಾ ಸಂಜೆ ಅಕ್ಕನಿಗೆ ಫೋನು ಮಾಡತೊಡಗಿದಳು. ನಾನು ಸಂಜೆ ತಿರುಗಾಡಲು ಬೇಕೆಂದೇ ಅಕ್ಕನ ಓಣಿಯಲ್ಲಿ ಹಾಯುತ್ತಿದ್ದೆ. ಕಿಟಕಿಯಿಂದ ಸ್ಪೀಕರಿನ ದನಿ ಬರುತ್ತಿತ್ತು. ‘ಅಕ್ಕಾರ, ಶಿಗ್ಗಾಂವಿ ಸಾಲಿ ಗಂಟಿ ಕದ್ದಾವ್ರು ಯಾರಂತ ನಂಗ ತಿಳೀತ್ರಿ! ಹೇಳಬ್ಯಾಡ್ರಿ, ಹೇಳಬ್ಯಾಡ್ರಿ, ನಾಳೆ ಓದಿ ಹೇಳ್ತೇನಿ.’ ಅಕ್ಕ ಬಿದ್ದು ಬಿದ್ದು ನಗುತ್ತಿದ್ದರು. ನನ್ನೊಂದಿಗೆ ಅವರು ಪುಸ್ತಕದ ಮಾತು ಆಡಿದ್ದು ಅಚ್ಚುತಪ್ಪು ತಿದ್ದುವಾಗ ಮಾತ್ರ. ಯಾವ ಗಂಟೆ, ಯಾರು ಕದ್ದರು, ನನಗೆ ಎಲ್ಲಿಂದ ಗೊತ್ತಾಗಬೇಕು? ಬೀದಿಯಲ್ಲಿ ನಿಂತು ಅವರ ನಗು ಕೇಳಿಕೊಂಡು ಹಲ್ಲು ಕಡಿದೆ.

ಮೂರನೇ ವಾರ ನನಗೇ ಫೋನು ಬಂತು. ‘ಅಣ್ಣಾರ! ನಾಲ್ಕನೇ ಅಧ್ಯಾಯದಾಗ ನೀವ ಅದೀರಿ! ಒಮ್ಮೆನೂ ಹೇಳಲಿಲ್ಲಲ್ರಿ ನಮ್ಮ ಮುಂದ!’

‘ಹಾಂ, ಗೊತ್ತದ’ ಎಂದೆ. ಫೋನಿಟ್ಟು ಮೇಲಿನ ಖಾನೆಯಿಂದ ಪುಸ್ತಕ ತೆಗೆದು, ಧೂಳು ಹೊಡೆದು, ಆ ಅಧ್ಯಾಯ ಹುಡುಕಿದೆ. ಸವಣೂರಿನ ಸಾಲಿಯ ಬಗ್ಗೆ ಬರೆಯುತ್ತ ಅಕ್ಕ ಹೀಗೆ ಬರೆದಿದ್ದರು: ‘ಸುಶೀಂದ್ರ ಎಂಬ ಹುಡುಗನಿದ್ದ. ಅವನಷ್ಟು ದುಂಡಗೆ ಬರೆಯುವವರು ತರಗತಿಯಲ್ಲಿ ಇರಲಿಲ್ಲ. ಆದರೆ ಪಾಟಿಯನ್ನು ಮೊಳಕೈಯಿಂದ ಮುಚ್ಚಿಕೊಂಡು ಬರೆಯುತ್ತಿದ್ದ. ಪಕ್ಕದವರು ನೋಡಿಯಾರೆಂದು ಭಯ. ನಾನು ಹತ್ತಿರ ಹೋದರೆ ನನಗೆ ಮಾತ್ರ ಕೈ ತೆಗೆದು ತೋರಿಸುತ್ತಿದ್ದ. ಆ ಮೊಳಕೈ ಸರಿಸಲು ನನಗೆ ಒಂದು ವರ್ಷ ಸಾಲಲಿಲ್ಲ, ವರ್ಗವಾಗಿ ಹೋದೆ.’ ಇದನ್ನು ನನ್ನ ಈ ಹತ್ತು ಬೆರಳೇ ಟೈಪ್ ಮಾಡಿದ್ದವು.

ಅವತ್ತೇ ಫೈಲು ಕಳಿಸಿಬಿಡಬೇಕಿತ್ತು. ಕಳಿಸಬೇಕೆಂದು ಕಂಪ್ಯೂಟರ್ ಮುಂದೆ ಕುಳಿತೆ ಕೂಡ. ಕಳಿಸಿದರೆ ಇಷ್ಟು ದಿನ ಹೇಳಿದ್ದು ಸುಳ್ಳೆಂದು ಬಯಲಾಗುತ್ತದೆ. ಡಿಸ್ಕ್ ರಿಪೇರಿಯ ನಾಟಕ ಆಡೋಣವೆಂದರೆ ಅವಳು ಆಗಲೇ ಅರವತ್ತು ಪುಟ ಹೊಡೆದಿದ್ದಾಳೆ, ‘ಅಯ್ಯ ಅಣ್ಣಾರ, ಮೊದಲ ಯಾಕ ಮಾಡಸಲಿಲ್ಲ’ ಅಂದರೆ ಏನು ಹೇಳಲಿ? ನಾಳೆ ನೋಡೋಣ ಎಂದೆ. ಮರುದಿನ ಅರವತ್ತಮೂರು ಪುಟ ಆಗಿದ್ದವು, ನಾಚಿಕೆಯೂ ಅಷ್ಟು ಹೆಚ್ಚಾಗಿತ್ತು.

ಎಪ್ಪತ್ತೊಂದನೇ ದಿನ ಭಾನುವಾರ. ನೇತ್ರಾ ಎರಡು ಬಸ್ಸು ಬದಲಿಸಿ ಸವಣೂರಿಗೆ ಬಂದಳು. ಅಕ್ಕ ನನಗೂ ಹೇಳಿಕಳಿಸಿದ್ದರು. ಟ್ಯಾಬಿನ ಪರದೆ ಕಪ್ಪಗಾಯಿತು, ಅದರ ಮೇಲೆ ಬೆರಳುದ್ದದ ಬಿಳಿ ಅಕ್ಷರ, ಒಂದು ಸಲಕ್ಕೆ ನಾಲ್ಕೇ ಪದ. ಅಕ್ಕ ಮುಖವನ್ನು ಓರೆ ಮಾಡಿ, ಕಣ್ಣಂಚಿನಿಂದ ನೋಡುತ್ತ, ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. ಪರದೆ ಮುಟ್ಟಿದರು, ಮುಂದಿನ ನಾಲ್ಕು ಪದ ಬಂದವು. ಎಲ್ಲಿಗೂ ಓಡಿಹೋಗಲಿಲ್ಲ. ‘ಬಂತು ನೋಡ ನೇತ್ರಾ! ತಾನ ಬಂತು!’ ಎಂದು ಹುಡುಗಿಯಂತೆ ಕೂಗಿ ಅವಳ ಕೆನ್ನೆ ಹಿಂಡಿದರು. ವೃಂದಾ ಕಣ್ಣೊರೆಸಿಕೊಂಡಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲೂ ನನಗೆ ಸಂತೋಷವಾಗಲಿಲ್ಲ. ಆ ಕೆನ್ನೆ ನನ್ನದಾಗಿರಬೇಕಿತ್ತು ಅನ್ನಿಸಿತು.

ಇಪ್ಪತ್ತಮೂರು ದಿನ ಓದಿದರು. ನಾಲ್ಕು ಪದ ಎರಡಾದವು, ಎರಡು ಒಂದಾಯಿತು. ಡಾಕ್ಟರು ಹೇಳಿದ ಆರು ತಿಂಗಳಲ್ಲಿ ನಾಲ್ಕೂ ತುಂಬಿರಲಿಲ್ಲ, ಒಂಬತ್ತನೇ ಅಧ್ಯಾಯ ಮುಗಿದ ಮರುದಿನ ಪರದೆ ಪೂರ್ತಿ ಕಪ್ಪಗೇ ಕಂಡಿತಂತೆ. ಚಾರ್ಜು ಹೋಗಿದೆ ಅಂದುಕೊಂಡು ವೃಂದಾಳನ್ನು ಕರೆದರಂತೆ. ಚಾರ್ಜು ಇತ್ತು.

ನಾನು ನೋಡಲು ಹೋದಾಗ ಜೋಕಾಲಿಯ ಮೇಲೆ ಕುಳಿತಿದ್ದರು. ‘ಅರ್ಧಾ ಆತು, ಅದೂ ಕಡಿಮಿ ಏನಲ್ಲ. ಇನ್ನೊಂದು ತಿಂಗಳು ಮೊದಲ ಕೈಗೆ ಸಿಕ್ಕಿದ್ರ ಮುಗಸ್ತಿದ್ದೆ ನೋಡು, ಸುಶೀಂದ್ರಾ’ ಎಂದರು. ಕುಹಕದಿಂದ ಹೇಳಿದ್ದಲ್ಲ. ನನ್ನ ಮೇಲೆ ಸಂಶಯ ಅವರ ಕನಸಿನಲ್ಲೂ ಇರಲಿಲ್ಲ. ಇಪ್ಪತ್ತಮೂರು ದಿನಕ್ಕೆ ಒಂಬತ್ತು ಅಧ್ಯಾಯವಾದರೆ ಹದಿನೆಂಟಕ್ಕೆ ನಲವತ್ತಾರು. ನಾನು ತಿಂದದ್ದು ಎಪ್ಪತ್ತು ದಿನ. ಮನೆಗೆ ಬಂದವನು ಊಟಕ್ಕೆ ಕೂಡಲಿಲ್ಲ. ವೇದಾ ಕೇಳಿದಳು, ಅವಳಿಗೆ ಮೊದಲು ಹೇಳಿದೆ. ‘ಥೂ’ ಎಂದು ನನ್ನ ತಾಟು ಎತ್ತಿ ಒಳಗಿಟ್ಟಳು.

ಮರುದಿನ ಬಸ್ಸು ಹತ್ತಿ ತಿಳವಳ್ಳಿಗೆ ಹೋದೆ. ನೇತ್ರಾ ‘ಬರ್ರಿ ಅಣ್ಣಾರ, ಕುಂಡರ್ರಿ’ ಎಂದು ನೀರು ಕೊಟ್ಟಳು. ನಿಂತುಕೊಂಡೇ ಹೇಳಿದೆ. ಡಿಸ್ಕ್ ಕೆಟ್ಟಿರಲಿಲ್ಲ, ಫೈಲು ಇತ್ತು, ಈಗಲೂ ಇದೆ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಕೊಡಲಿಲ್ಲ.

‘ಎಷ್ಟೊತ್ತಿನ ಕೆಲಸಾ ಇತ್ರಿ ಅದು, ತಿರುಗಿಸಿ ಕಳಸೋದು?’ ಎಂದು ಕೇಳಿದಳು.

‘ಹತ್ತು ನಿಮಿಷ.’

ಅವಳು ಕುರ್ಚಿಯ ಮೇಲೆ ಕುಳಿತಳು. ತನ್ನ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೋಡಿಕೊಂಡಳು. ಅವಳ ಮುಖ ಕೆಂಪೇರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ‘ನನ್ನ ಎಪ್ಪತ್ತು ದಿನಾ ಹೋಗ್ಲಿ ಬಿಡ್ರಿ. ನಾ ಓದಿದ್ನಿ, ನಂಗೇನೂ ಲುಕ್ಸಾನ ಆಗಿಲ್ಲ. ಅಕ್ಕಾರ ಕಣ್ಣು ಯಾರು ತಂದು ಕೊಡ್ತಾರ್ರಿ ಅಣ್ಣಾರ? ನೀವ ಕೊಡ್ತೀರೇನು?’ ಎದ್ದು ನನ್ನ ಕೈಯ ಲೋಟ ಇಸಿದುಕೊಂಡಳು. ‘ನೀವ ಹೋಗಿ ಹೇಳ್ರಿ ಅವ್ರಿಗೆ. ನಾ ಹೇಳಂಗಿಲ್ಲ. ಈಗ ಹೋಗ್ರಿ, ನಂಗ ನಿಮ್ಮ ಮುಖಾ ನೋಡಾಕ ಆಗವಲ್ದು.’

ಬಸ್ಸಿಳಿದು ನೇರ ಅಕ್ಕನ ಮನೆಗೆ ಹೋದೆ. ಎಲ್ಲ ಹೇಳಿ ಮುಗಿಸುವ ತನಕ ಅವರು ಜೋಕಾಲಿಯನ್ನು ಕಾಲಿನಿಂದ ನಿಲ್ಲಿಸಿ ಹಿಡಿದಿದ್ದರು.

‘ನಾ ಕೇಳಿದ ದಿನಾನೂ ಫೈಲು ಇತ್ತೇನು?’

‘ಇತ್ರಿ ಅಕ್ಕಾ.’

‘ನೇತ್ರಾ ಹೊಡೀಲಿಕ್ಕತ್ತಿದಾಗೂ ಇತ್ತು?’

‘ಇತ್ತು.’

ಕಾಣದ ಕಣ್ಣು ನನ್ನ ಕಡೆಗೇ ಇತ್ತು. ‘ಹೋಗು’ ಎಂದರು. ನಮ್ಮಲ್ಲಿ ಯಾರಿಗೂ ಬರೀ ಹೋಗು ಅನ್ನುವುದಿಲ್ಲ, ಹೋಗಿ ಬಾ ಅನ್ನುತ್ತೇವೆ. ಅಕ್ಕ ಅಷ್ಟೇ ಅಂದರು. ನಾನು ಹೊಸ್ತಿಲಲ್ಲಿ ಸ್ವಲ್ಪ ನಿಂತೆ, ಇನ್ನೊಂದು ಮಾತು ಬರಬಹುದೆಂದು. ಬರಲಿಲ್ಲ.

ಉಳಿದ ಒಂಬತ್ತು ಅಧ್ಯಾಯಗಳನ್ನು ಫೋನೇ ಗಟ್ಟಿಯಾಗಿ ಓದಬಲ್ಲದು, ನೇತ್ರಾ ಅದನ್ನೂ ಮಾಡಿಕೊಟ್ಟಿದ್ದಾಳೆ. ಅಕ್ಕನಿಗೆ ಆ ದನಿ ಹಿಡಿಸಲಿಲ್ಲ. ಅದಕ್ಕೆ ಪ್ರತಿ ಭಾನುವಾರ ನೇತ್ರಾ ತಿಳವಳ್ಳಿಯಿಂದ ಬಂದು ಒಂದೊಂದು ಅಧ್ಯಾಯ ಓದಿಹೇಳುತ್ತಾಳೆ. ಇದು ಅವಳ ಪರಿಚಯ. ಬಳಗದವರು ಬೇಕಾದರೆ ಅಚ್ಚು ಹಾಕಲಿ, ಬೇಡವಾದರೆ ಬಿಡಲಿ. ಈ ಕೆಲಸ ನಾಲ್ಕು ತಾಲೂಕಿನಲ್ಲಿ ಅವಳಷ್ಟು ಚೆನ್ನಾಗಿ ಮಾಡುವವರು ಇಲ್ಲ. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ತಣ್ಣಗಿಲ್ಲ.

ಹೋದ ಭಾನುವಾರ ಮತ್ತೊಮ್ಮೆ ಧೈರ್ಯ ಮಾಡಿ ಹೋದೆ. ವೃಂದಾ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ, ‘ಅತ್ತಿಯವ್ರು ಇವತ್ತೂ ಬ್ಯಾಡ ಅಂದಾರ್ರಿ’ ಎಂದಳು. ಆಗಲಿ ಎಂದು ಕಟ್ಟೆಯ ಮೇಲೆ ಸ್ವಲ್ಪ ಕುಳಿತೆ. ಒಳಗಿಂದ ನೇತ್ರಾಳ ಓದು ಬರುತ್ತಿತ್ತು, ಮಾತು ಬಿಡಿಸಿ ಕೇಳುವಷ್ಟು ಹತ್ತಿರ ನಾನಿರಲಿಲ್ಲ. ನಡುವೆ ಅಕ್ಕ ಗಟ್ಟಿಯಾಗಿ ನಕ್ಕರು. ಆ ಇನ್ನೂರ ಹನ್ನೆರಡು ಪುಟವನ್ನೂ ನಾನೇ ಟೈಪ್ ಮಾಡಿದ್ದೇನೆ. ಯಾವ ಸಾಲಿಗೆ ನಕ್ಕರೋ ನನಗೆ ಗೊತ್ತಾಗಲಿಲ್ಲ.